ಸೋಬಾನೆ ಪದ ಡಿಸ್ಕಿಗೆ ಇಳಿಯದಿದ್ದರೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಕಡೆ ಹಳೆಯ ಮನೆಗಳ ಟ್ರಂಕು ತೆಗೆದರೆ ಇಳಕಲ್ ಸೀರೆ, ಹಿತ್ತಾಳೆ ತಂಬಿಗೆಗಳ ಸಂದಿಯಲ್ಲಿ ಒಂದೆರಡು ಕಪ್ಪು ಕ್ಯಾಸೆಟ್ಟುಗಳು ಸಿಗುವುದುಂಟು. 1990ರ ಸುಮಾರಿಗೆ ಮದುವೆ ಅಂದರೆ ವಿಡಿಯೊದವನು ಬರಲೇಬೇಕಿತ್ತು. ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗನೊಬ್ಬ ಅವನ ಹಿಂದೆ. ಆ ಕ್ಯಾಸೆಟ್ಟಿನಲ್ಲಿ ಅಕ್ಷತೆ ಹಾಕುತ್ತಿರುವವರಲ್ಲಿ ಎಷ್ಟೋ ಜನ ಈಗಿಲ್ಲ. ಅರಿಶಿನ ಹಚ್ಚುವಾಗ ಸೋಬಾನೆ ಪದ ಹಾಡಿದ ಅಜ್ಜಿಯ ಧ್ವನಿ ಆ ಟೇಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಆ ಕ್ಯಾಸೆಟ್ಟು ಓಡಿಸುವ ಯಂತ್ರಗಳೂ ಮುಗಿಯುತ್ತ ಬಂದಿವೆ. ಜಗತ್ತಿನಲ್ಲಿ ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೆಲಸ ನಿಲ್ಲಿಸಿತು. ಹೀಗಾಗಿ ಮೊಮ್ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಅಜ್ಜ-ಅಜ್ಜಿಯರ ಮದುವೆ, ಮುಂಜಿವೆ, ಶಾಲೆಯ ಗ್ಯಾದರಿಂಗು, ಊರಿನ ದೊಡ್ಡಾಟ ಎಲ್ಲವನ್ನೂ ಡಿವಿಡಿಗೆ ಇಳಿಸಲು ನೋಡುತ್ತಾರೆ. ಅರ್ಧ ದಾರಿಯಲ್ಲಿ ಪರದೆಯ ಮೇಲೆ ಕೆಂಪು ಅಕ್ಷರ ಬರುತ್ತದೆ. "ಅಜ್ಜಾ, ಎನ್‌ಕೋಡಿಂಗ್ ಎರರ್ ಅಂತ ಬಂದೇತಿ, ಮುಂದ ಹೋಗವಲ್ದು" ಎನ್ನುತ್ತದೆ ಹುಡುಗ. "ಬಿಡಪ್ಪಾ, ಅದರ ಹಣೇಬರಹ" ಎನ್ನುತ್ತಾರೆ ಅಜ್ಜ. ಹಣೆಬರಹವೇನೂ ಅಲ್ಲ. ಅದಕ್ಕೆ ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಸಣ್ಣ ಉಳಿತಾಯ ಖಾತೆಗಳ ಲೆಡ್ಜರು ತಾಳೆ ನೋಡುತ್ತ ಬ್ಯಾಂಕಿನಲ್ಲಿ ದಶಕಗಟ್ಟಲೆ ಕಳೆದವನು ನಾನು. ಈ ಕೆಲಸ ನನಗೆ ಅದರ ತಮ್ಮನ ಹಾಗೆಯೇ ಕಂಡಿತು.

ಮೊದಲು ಒಂದು ಮಾತು. ನಿಮ್ಮ ಟಿವಿಗೆ ಪೆನ್‌ಡ್ರೈವ್ ಚುಚ್ಚುವ ತೂತು ಇದ್ದರೆ ಡಿವಿಡಿಯ ಗೊಡವೆಯೇ ಬೇಡ, ಎಂಪಿ4 ಫೈಲನ್ನು ಅದರಲ್ಲಿ ಹಾಕಿ ನೋಡಿ. ಆದರೆ ಹಳ್ಳಿಯ ಮನೆಯಲ್ಲಿ ಹಳೆಯ ದಪ್ಪ ಟಿವಿ, ಪಕ್ಕದಲ್ಲಿ ಡಿವಿಡಿ ಪ್ಲೇಯರು, ರಿಮೋಟಿನಲ್ಲಿ ಒಂದೇ ಗುಂಡಿ ಗೊತ್ತಿರುವ ಅಜ್ಜಿ ಇದ್ದರೆ ಡಿಸ್ಕಿನಷ್ಟು ಸುಲಭದ್ದು ಇನ್ನೊಂದಿಲ್ಲ. ಹಾಕು, ಒತ್ತು, ನೋಡು.

ಡಿವಿಡಿ ಮಾಡುವುದು ಒಂದು ಕೆಲಸವಲ್ಲ, ಮೂರು ಕೆಲಸ. ನಿಮ್ಮ ವಿಡಿಯೊವನ್ನು ಎಂಪೆಗ್-2 ಎಂಬ ಹಳೆಯ ರೂಪಕ್ಕೆ ತಿರುಗಿಸುವುದು ಎನ್‌ಕೋಡಿಂಗ್. ಹಾಗೆ ತಿರುಗಿಸಿದ್ದನ್ನು ಅಧ್ಯಾಯ, ಮೆನು ಸಹಿತ 'ವಿಡಿಯೊ_ಟಿಎಸ್' ಎಂಬ ಫೋಲ್ಡರಿನಲ್ಲಿ ಕ್ರಮವಾಗಿ ಜೋಡಿಸುವುದು ಆಥರಿಂಗ್. ಅದನ್ನು ಲೇಸರಿನಿಂದ ಡಿಸ್ಕಿನ ಮೇಲೆ ಬರೆಯುವುದು ಬರ್ನಿಂಗ್. ಒಂದೇ ಪ್ರೋಗ್ರಾಂ ಮೂರನ್ನೂ ಮಾಡುವಾಗ ಎಲ್ಲಿ ಕೈಕೊಟ್ಟಿತು ಎನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ನನ್ನ ಸಲಹೆ: ಡಿಸ್ಕಿಗೆ ನೇರವಾಗಿ ಸುಡಬೇಡಿ. ಮೊದಲು ಕಂಪ್ಯೂಟರಿನಲ್ಲೇ 'ಐಎಸ್‌ಒ' ಎಂಬ ಒಂದೇ ಫೈಲಾಗಿ ಉಳಿಸಿ. ವಿಎಲ್‌ಸಿ ಪ್ಲೇಯರಿನಲ್ಲಿ ಅದನ್ನು ತೆರೆದು ನೋಡಿ. ಅಲ್ಲಿ ಚೆನ್ನಾಗಿ ಓಡಿದರೆ ಮೊದಲ ಎರಡು ಕೆಲಸ ಸರಿಯಾಗಿವೆ, ತಕರಾರು ಉಳಿದದ್ದು ಡಿಸ್ಕಿನದು ಎಂದು ಖಾತ್ರಿ. ಹಾಳಾಗುವ ಡಿಸ್ಕಿನ ದುಡ್ಡೂ ಉಳಿಯುತ್ತದೆ.

ಇನ್ನು ಬಹಳ ಜನ ಮಾಡುವುದು ಹೀಗೆ: ಫೋನಿನ ಎಂಪಿ4 ಫೈಲನ್ನು ಇದ್ದ ಹಾಗೇ ಡಿಸ್ಕಿಗೆ ಎಳೆದು ಹಾಕಿ ಸುಡುತ್ತಾರೆ. ಅದು ಕಂಪ್ಯೂಟರಿನಲ್ಲಿ ಓಡುತ್ತದೆ, ಅಜ್ಜಿಯ ಪ್ಲೇಯರಿನಲ್ಲಿ ಓಡುವುದಿಲ್ಲ. ಡಿವಿಡಿ ಪ್ಲೇಯರುಗಳು ಮೊದಲು ಜಪಾನಿನ ಅಂಗಡಿಗೆ ಬಂದದ್ದು 1996ರಲ್ಲಿ. ಇಂದಿನ ಎಂಪಿ4 ಫೈಲುಗಳಲ್ಲಿ ಸಾಮಾನ್ಯವಾಗಿರುವ ಎಚ್.264 ಎಂಬ ಪದ್ಧತಿ ಹುಟ್ಟಿದ್ದು 2003ರಲ್ಲಿ. ತನಗಿಂತ ಕಿರಿಯನ ಭಾಷೆ ಆ ಹಳೆಯ ಯಂತ್ರಕ್ಕೆ ಹೇಗೆ ತಿಳಿಯಬೇಕು?

ಮಕ್ಕಳೇ, ಈಗ ಪೆನ್ಸಿಲು ತೆಗೆದುಕೊಳ್ಳಿ. ನಮ್ಮ ದೇಶದ ಟಿವಿ ಪದ್ಧತಿಗೆ ಪಾಲ್ ಎಂದು ಹೆಸರು. ಅದರಂತೆ ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಗುಣಿಸಿದರೆ 4,14,720. ಒಂದೊಂದು ಚುಕ್ಕೆಯ ಬಣ್ಣ ಬರೆಯಲು 3 ಬೈಟ್ ಹಿಡಿಯಿರಿ: 12,44,160. ಸೆಕೆಂಡಿಗೆ 25 ಚಿತ್ರ: 3 ಕೋಟಿ 11 ಲಕ್ಷ ಬೈಟ್. ಒಂದು ಡಿಸ್ಕಿನಲ್ಲಿ ಹಿಡಿಸುವುದು 470 ಕೋಟಿ ಬೈಟ್. ಭಾಗಿಸಿ ನೋಡಿ, ಸುಮಾರು 151 ಸೆಕೆಂಡು ಬಂತು. ಅಂದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಹೊರಟರೆ ಇಡೀ ಡಿಸ್ಕಿಗೆ ಎರಡೂವರೆ ನಿಮಿಷದ ಮದುವೆ! ಮದುಮಗ ಬಾಸಿಂಗ ಕಟ್ಟಿಕೊಳ್ಳುವಷ್ಟರಲ್ಲಿ ಡಿಸ್ಕು ಮುಗಿದಿರುತ್ತದೆ.

ಹಾಗಾದರೆ ಎರಡು ತಾಸಿನ ಸಿನಿಮಾ ಹೇಗೆ ಹಿಡಿಸುತ್ತದೆ? ಹಳೆಯ ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬಂದರೆ ಮತ್ತೆ ಬರೆಯದೆ 'ಸದರ' ಎಂದು ಬರೆಯುತ್ತಿದ್ದರು, ಇಲ್ಲವೆ ಎರಡು ಪುಟ್ಟ ಗೀಟು ಎಳೆಯುತ್ತಿದ್ದರು. ಎಂಪೆಗ್ ಮಾಡುವುದೂ ಅದನ್ನೇ. ಒಂದು ಚಿತ್ರವನ್ನು ಪೂರ್ತಿ ಬರೆಯುತ್ತದೆ. ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದು ಉಳಿದದ್ದಕ್ಕೆ 'ಸದರ' ಎನ್ನುತ್ತದೆ. ಪಾಲ್ ಡಿವಿಡಿಯಲ್ಲಿ ಹೆಚ್ಚೆಂದರೆ 15 ಚಿತ್ರಗಳಿಗೊಮ್ಮೆ ಹೊಸದಾಗಿ ಪೂರ್ತಿ ಚಿತ್ರ ಬರಬೇಕೆಂಬ ನಿಯಮವಿದೆ. ಡಿಸ್ಕಿಗೆ ಗೀರು ಬಿದ್ದಾಗ ಚಿತ್ರ ಅರೆಕ್ಷಣ ಚೌಕಚೌಕವಾಗಿ ಒಡೆದು ಮತ್ತೆ ಸರಿಯಾಗುತ್ತದಲ್ಲ, ಅದು ಮುಂದಿನ ಪೂರ್ತಿ ಚಿತ್ರ ಬಂದದ್ದರಿಂದ.

ಈಗ ಎರರ್ ಬಂತು ಎನ್ನಿ. ಪ್ರೋಗ್ರಾಮನ್ನು ಬೈಯುವ ಮೊದಲು ಅದೇ ಕೆಲಸವನ್ನು ಎರಡನೇ ಸಲ ನಡೆಸಿ, ಎಷ್ಟನೇ ನಿಮಿಷಕ್ಕೆ ನಿಂತಿತು ಎಂದು ಎರಡೂ ಸಲ ಕಾಗದದ ಮೇಲೆ ಬರೆದುಕೊಳ್ಳಿ. ನಿಂತ ಜಾಗ ಬೇರೆಬೇರೆಯಾದರೆ ವಿಡಿಯೊ ಸರಿಯಿದೆ, ಯಂತ್ರದ್ದು ತೊಂದರೆ ಎಂದು ಮೊದಲ ಸಂಶಯ ಪಡಬೇಕು. ಎನ್‌ಕೋಡಿಂಗ್ ಮಾಡುವಾಗ ಕಂಪ್ಯೂಟರು ಗಂಟೆಗಟ್ಟಲೆ ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ. ಏಪ್ರಿಲ್ ತಿಂಗಳ ಬಿಸಿಲು, ಫ್ಯಾನಿನಲ್ಲಿ ಮೆತ್ತಿದ ಧೂಳು, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪು. ಕಾದು ಕೆಂಡವಾಗಿ ತಾನೇ ಆರಿಹೋಗುತ್ತದೆ. ಅದನ್ನು ಮೇಜಿನ ಮೇಲಿಡಿ, ಧೂಳು ಹೊಡೆಸಿ, ರಾತ್ರಿ ತಂಪಿನಲ್ಲಿ ಕೆಲಸಕ್ಕೆ ಹಚ್ಚಿ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಾದರೆ ಬ್ಯಾಟರಿ ತುಂಬಿರಲಿ.

ಪ್ರತಿ ಸಲವೂ ಅದೇ ಜಾಗಕ್ಕೆ ನಿಂತರೆ ತಪ್ಪು ಫೈಲಿನ ಒಳಗೇ ಇದೆ. ಎಲ್ಲಿದೆ ಎಂದು ಹುಡುಕುವುದಕ್ಕೆ ಬ್ಯಾಂಕಿನ ಹಳೆಯ ಉಪಾಯವೊಂದಿದೆ. ಕಂಪ್ಯೂಟರು ಬರುವ ಮೊದಲು ಲೆಡ್ಜರು ತಾಳೆಯಾಗದಿದ್ದರೆ ಮೊದಲ ಪುಟದಿಂದ ಹುಡುಕುತ್ತಿರಲಿಲ್ಲ. ಅರ್ಧ ಮಾಡಿ ಕೂಡುತ್ತಿದ್ದೆವು. ಯಾವ ಅರ್ಧದಲ್ಲಿ ವ್ಯತ್ಯಾಸವಿದೆಯೋ ಅದನ್ನು ಮತ್ತೆ ಅರ್ಧ. (ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳನ್ನು ಹಿಂದುಮುಂದಾಗಿ ಬರೆದಿರುವ ಸಂಭವ ಹೆಚ್ಚು. 54ರ ಬದಲು 45. ಮಕ್ಕಳು ಬೇರೆಬೇರೆ ಜೋಡಿ ಹಾಕಿ ನೋಡಬಹುದು, ಯಾವಾಗಲೂ 9ರಿಂದ ಭಾಗವಾಗುತ್ತದೆ.) ವಿಡಿಯೊಕ್ಕೂ ಹಾಗೆಯೇ ಮಾಡಿ. 90 ನಿಮಿಷದ್ದನ್ನು 45-45 ಎಂದು ಕತ್ತರಿಸಿ ಎರಡನ್ನೂ ಬೇರೆಬೇರೆ ಎನ್‌ಕೋಡ್ ಮಾಡಿ. ಕೆಟ್ಟ ಅರ್ಧವನ್ನು ಮತ್ತೆ ಎರಡು ಮಾಡಿ. ಏಳನೆಯ ಕತ್ತರಿಗೆ ನಿಮ್ಮ ಕೈಯಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ತುಣುಕು ಉಳಿಯುತ್ತದೆ. ಆ ತುಣುಕನ್ನು ಟೇಪಿನಿಂದ ಮತ್ತೆ ಇಳಿಸಿಕೊಳ್ಳಿ, ಆಗದಿದ್ದರೆ ಬಿಟ್ಟುಬಿಡಿ. ಮೂರು ತಾಸಿನ ಮದುವೆಯಲ್ಲಿ ಅರ್ಧ ನಿಮಿಷ ಹೋದರೆ ಹೋಗಲಿ, ಅಜ್ಜಿಯ ಹಾಡು ಅದರಲ್ಲಿ ಇಲ್ಲದಿದ್ದರೆ ಆಯಿತು.

ಒಂದು ವಿಚಿತ್ರ ನಿಲುಗಡೆಯೂ ಉಂಟು. ಫೈಲು ಬೆಳೆಯುತ್ತ ಬೆಳೆಯುತ್ತ ಸರಿಯಾಗಿ 4 ಜಿಬಿಗೆ ಬಂದೊಡನೆ ಕೆಲಸ ನಿಲ್ಲುತ್ತದೆ, ಜಾಗ ಮಾತ್ರ ಬೇಕಾದಷ್ಟು ಖಾಲಿ ಇರುತ್ತದೆ. ಅಲ್ಲಿ ಉಳಿಸುತ್ತಿರುವ ಪೆನ್‌ಡ್ರೈವ್ ಅಥವಾ ಹಳೆಯ ಹಾರ್ಡ್‌ಡಿಸ್ಕು 'ಫ್ಯಾಟ್32' ಎಂಬ ಪದ್ಧತಿಯದು ಎಂದು ತಿಳಿಯಿರಿ. 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಇಡಲು ಅದಕ್ಕೆ ಬರುವುದಿಲ್ಲ. ಪೂರ್ತಿ ಡಿಸ್ಕಿನ ಐಎಸ್‌ಒ ಅದಕ್ಕಿಂತ ದೊಡ್ಡದು. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲೇ ಉಳಿಸಿ. ಎಂಪೆಗ್ ಒಂದು ಪ್ರತಿ, ವಿಡಿಯೊ_ಟಿಎಸ್ ಒಂದು ಪ್ರತಿ, ಐಎಸ್‌ಒ ಒಂದು ಪ್ರತಿ, ಹೀಗೆ ಮೂರು ಸಲ ಜಾಗ ಬೇಕಾಗುತ್ತದೆಂದು 15 ಜಿಬಿಯಾದರೂ ಖಾಲಿ ಇಟ್ಟುಕೊಳ್ಳಿ.

ಫೋನಿನಲ್ಲಿ ತೆಗೆದ ವಿಡಿಯೊಗಳದ್ದು ಬೇರೆಯೇ ಸಂಗತಿ. ಹೊಸ ಫೋನುಗಳು ಎಚ್‌ಇವಿಸಿ ಎಂಬ 2013ರ ಪದ್ಧತಿಯಲ್ಲಿ ಬರೆಯುತ್ತವೆ. ಹಳೆಯ ಡಿವಿಡಿ ಪ್ರೋಗ್ರಾಮಿಗೆ ಕೊಟ್ಟರೆ 'ಫೈಲು ಗುರುತಿಸಲಾಗಲಿಲ್ಲ' ಎನ್ನುತ್ತದೆ, ಇಲ್ಲವೆ ದನಿ ಮಾತ್ರ ಬಂದು ಪರದೆ ಕಪ್ಪಾಗಿರುತ್ತದೆ. ಇದಕ್ಕಿಂತ ಕಾಡಿಸುವುದು ತುಟಿಗೂ ಮಾತಿಗೂ ಹೊಂದದಿರುವುದು. ಮಬ್ಬು ಬೆಳಕಿನಲ್ಲಿ ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುವ ಬದಲು 24, 20 ಹೀಗೆ ತನಗೆ ತೋಚಿದಷ್ಟು ತೆಗೆಯುತ್ತದೆ. ಡಿವಿಡಿಗೆ ಬೇಕಾದದ್ದು ಮಾತ್ರ ಸೆಕೆಂಡಿಗೆ ಸರಿಯಾಗಿ 25, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರೋಗ್ರಾಂ ಲೆಕ್ಕ ತಪ್ಪಿದರೆ ಸಂಜೆಯ ಆರತಿಯಲ್ಲಿ ಗಂಟೆ ಬಾರಿಸಿದ ಮೇಲೆ ಕೈ ಎತ್ತಿದಂತೆ ಕಾಣುತ್ತದೆ.

ಇಲ್ಲಿಯೂ ಒಂದು ಪರೀಕ್ಷೆ ಇದೆ. ಮೊದಲಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ದನಿ ಹಿಂದೆ ಬಿದ್ದಿದ್ದರೆ ದನಿಯನ್ನು ಅಷ್ಟೇ ಮುಂದೆ ಸರಿಸಿದರೆ ಸಾಕು. ಮೊದಲು ಸರಿಯಿದ್ದು ಬರಬರುತ್ತ ಹೆಚ್ಚಾದರೆ ಅದು ಚಿತ್ರಗಳ ಲೆಕ್ಕ ತಪ್ಪಿದ್ದು. ಆಗ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಫೈಲನ್ನು ಹಾಕಿ, ಫ್ರೇಮ್ ರೇಟ್ 25, 'ಕಾನ್‌ಸ್ಟಂಟ್' ಎಂದು ಆರಿಸಿ, ಎಚ್.264 ಎಂಪಿ4 ಆಗಿ ಹೊರತೆಗೆಯಿರಿ. ಹ್ಯಾಂಡ್‌ಬ್ರೇಕ್ ಡಿಸ್ಕು ಮಾಡುವುದಿಲ್ಲ. ಅದು ಕೊಟ್ಟ ಫೈಲನ್ನು ಡಿವಿಡಿಸ್ಟೈಲರ್‌ನಂಥ ಇನ್ನೊಂದು ಉಚಿತ ಪ್ರೋಗ್ರಾಮಿಗೆ ಕೊಡಬೇಕು. ಎರಡು ಸಲ ಒಗೆದ ಬಟ್ಟೆಯಂತೆ ಬಣ್ಣ ತುಸು ಮಾಸುತ್ತದೆ ನಿಜ. ಗಂಟೆ ಮತ್ತು ಕೈ ಕೂಡಿಬಂದರೆ ಅದು ದೊಡ್ಡ ನಷ್ಟವಲ್ಲ.

ದನಿಗೂ ಒಂದು ಅಂಕಿ ಇದೆ. ಡಿವಿಡಿಯ ದನಿ ಸೆಕೆಂಡಿಗೆ 48,000 ಮಾದರಿಗಳದು. ಹಾಡಿನ ಸಿಡಿಯದು 44,100. ಮದುವೆಯ ಚಿತ್ರದ ಹಿಂದೆ ಸಿಡಿಯಿಂದ ತೆಗೆದ ಶಹನಾಯಿ ಸೇರಿಸಿದಾಗ ಪ್ರೋಗ್ರಾಂ ತಕರಾರು ಮಾಡಿದರೆ ಶಹನಾಯಿಯನ್ನು ಮೊದಲು 48,000ಕ್ಕೆ ತಿರುಗಿಸಿ. ಇನ್ನು, ಅಮೆರಿಕದಲ್ಲಿರುವ ಮಗ ಅಲ್ಲಿನ ಹಳೆಯ ಕ್ಯಾಮರಾದಿಂದ ಕಳಿಸಿದ ಮೊಮ್ಮಗನ ತೊಟ್ಟಿಲ ವಿಡಿಯೊ ಇದ್ದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದು: 480 ಗೆರೆ, ಸೆಕೆಂಡಿಗೆ 29.97 ಚಿತ್ರ. ಅದನ್ನೂ ಊರಿನ ಮದುವೆಯನ್ನೂ ಒಂದೇ ಡಿಸ್ಕಿನಲ್ಲಿ ಹಾಗೇ ಬೆರೆಸಲು ಹೋಗಬೇಡಿ. ಮೊದಲು ಅದನ್ನು ಪಾಲ್‌ಗೆ ತಿರುಗಿಸಿ, ಇಲ್ಲವೆ ಅದಕ್ಕೆ ಬೇರೆ ಡಿಸ್ಕು ಮಾಡಿ.

ಈಗ ಹಂಚಿಕೆಯ ಲೆಕ್ಕ. ಅಂಗಡಿಯವನು 4.7 ಜಿಬಿ ಎಂದು ಕೊಟ್ಟ ಡಿಸ್ಕನ್ನು ಕಂಪ್ಯೂಟರು 4.37 ಎಂದು ತೋರಿಸುತ್ತದೆ. ತೂಕದಲ್ಲಿ ಮೋಸವಲ್ಲ. ಅಂಗಡಿಯವನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾನೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. 470 ಕೋಟಿ ಬೈಟಿಗೆ 8ರಿಂದ ಗುಣಿಸಿದರೆ 3,760 ಕೋಟಿ ಬಿಟ್. ಎರಡು ತಾಸಿಗೆ 7,200 ಸೆಕೆಂಡು, ಭಾಗಿಸಿದರೆ ಸೆಕೆಂಡಿಗೆ 52 ಲಕ್ಷ ಬಿಟ್. ದನಿಗೆ 2 ಲಕ್ಷ, ಅಂಚಿಗೆ 2 ಲಕ್ಷ ತೆಗೆದಿಟ್ಟರೆ ಚಿತ್ರಕ್ಕೆ 48 ಲಕ್ಷ. ಸೊಗಸಾಗಿ ಬರುತ್ತದೆ. ಮೂರು ತಾಸಿನ ಇ-180 ಕ್ಯಾಸೆಟ್ಟು ಪೂರ್ತಿ ತುರುಕಿದರೆ ಒಟ್ಟಿಗೆ 35 ಲಕ್ಷಕ್ಕೂ ಕಡಿಮೆ, ಚಿತ್ರ ಮಬ್ಬಾಗತೊಡಗುತ್ತದೆ. ಎರಡು ಡಿಸ್ಕು ಮಾಡಿ. ಒಂದೇ ತಾಸಿನದಾದರೆ ಲೆಕ್ಕ 104 ಲಕ್ಷ ಎನ್ನುತ್ತದೆ, ಆದರೆ ಅಷ್ಟು ಕೊಡುವಂತಿಲ್ಲ. ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ ಗರಿಷ್ಠ 98 ಲಕ್ಷ. ಮನೆಯಲ್ಲಿ ಸುಟ್ಟ ಡಿಸ್ಕಿಗೆ ನಾನು 80 ಲಕ್ಷ ದಾಟುವುದಿಲ್ಲ. ಪ್ರೋಗ್ರಾಮಿನಲ್ಲಿ ಇದನ್ನು ಎಂಬಿಪಿಎಸ್ ಎಂದು ಬರೆದಿರುತ್ತಾರೆ. ಒಂದು ಎಂಬಿಪಿಎಸ್ ಅಂದರೆ ನಮ್ಮ 10 ಲಕ್ಷ.

ಈ ಮಿತಿ ಎಲ್ಲಿ ಕಾಡುತ್ತದೆ ಎಂದು ನೋಡಬೇಕಾದರೆ ನಮ್ಮ ಭಾಗದ ಹೋರಿ ಹಬ್ಬದ ವಿಡಿಯೊವನ್ನೇ ತೆಗೆದುಕೊಳ್ಳಿ. ದೀಪಾವಳಿಯ ಸುತ್ತಮುತ್ತ ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ ಕಡೆಯ ಊರುಗಳಲ್ಲಿ ಕೊಬ್ಬರಿ ಹೋರಿ ಓಡುತ್ತವೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಝೂಲ. ಹೋರಿ ನುಗ್ಗುತ್ತದೆ, ಎರಡೂ ಕಡೆಯ ಜನ ಕೇಕೆ ಹಾಕುತ್ತ ಸರಿಯುತ್ತಾರೆ, ಧೂಳು ಏಳುತ್ತದೆ, ಕ್ಯಾಮರಾ ಹಿಡಿದವನೂ ಓಡುತ್ತಾನೆ. ಚಿತ್ರದಲ್ಲಿ ಒಂದು ಚುಕ್ಕೆಯೂ ನಿಂತಲ್ಲಿ ನಿಂತಿರುವುದಿಲ್ಲ. 'ಸದರ' ಎಂದು ಬರೆಯಲು ಏನೂ ಉಳಿಯದು, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಬಿಟ್ಟುಗಳ ಬೇಡಿಕೆ ಒಮ್ಮೆಲೇ ಜಿಗಿದು ಮಿತಿ ದಾಟಿದಾಗ ಆಥರಿಂಗ್ ಪ್ರೋಗ್ರಾಂ 'ಬಿಟ್‌ರೇಟ್ ಹೆಚ್ಚಾಯಿತು', 'ಬಫರ್ ಅಂಡರ್‌ಫ್ಲೋ' ಎಂದೆಲ್ಲ ಹೇಳಿ ನಿಲ್ಲುತ್ತದೆ. ದೊಡ್ಡಾಟದ ವಿಡಿಯೊದಲ್ಲಿ ಹೀಗಾಗುವುದು ಕಡಿಮೆ. ಪರದೆ ಅಲ್ಲೇ, ಹಿಮ್ಮೇಳದವರು ಅಲ್ಲೇ, ಕಿರೀಟ ಭುಜಕೀರ್ತಿಯ ವೇಷಧಾರಿ ಒಬ್ಬ ಮಾತ್ರ ಕುಣಿಯುತ್ತಾನೆ.

ಹೋರಿ ಹಬ್ಬಕ್ಕೆ ಔಷಧ: ಗರಿಷ್ಠ ಬಿಟ್‌ರೇಟನ್ನು 80 ಲಕ್ಷಕ್ಕೆ ಕಟ್ಟಿಹಾಕಿ, 'ಎರಡು ಸುತ್ತು' ಎಂಬ ಆಯ್ಕೆಯಿದ್ದರೆ ಅದನ್ನು ಹಾಕಿ. ಮೊದಲ ಸುತ್ತಿನಲ್ಲಿ ಪ್ರೋಗ್ರಾಂ ಎಲ್ಲಿ ಓಟವಿದೆ, ಎಲ್ಲಿ ಬರಿ ಭಾಷಣವಿದೆ ಎಂದು ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಭಾಷಣದಿಂದ ಉಳಿಸಿ ಓಟಕ್ಕೆ ಹಂಚುತ್ತದೆ. ಸಮಯ ದುಪ್ಪಟ್ಟು ಹಿಡಿಯುತ್ತದೆ, ಹಿಡಿಯಲಿ.

ಕನ್ನಡಿಗರಿಗೇ ಮೀಸಲಾದ ಒಂದು ತೊಡಕು ಹೇಳಬೇಕು. ಫೈಲಿಗೆ ಪ್ರೀತಿಯಿಂದ 'ಅಜ್ಜಿ ಸೋಬಾನೆ' ಎಂದು ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಹಳೆಯ ಪ್ರೋಗ್ರಾಮುಗಳಿಗೆ ಆ ಫೈಲೇ ಕಾಣುವುದಿಲ್ಲ, ಏನೋ ಸಂಬಂಧವಿಲ್ಲದ ಎರರ್ ತೋರಿಸುತ್ತವೆ. ಕೆಲಸ ಮುಗಿಯುವವರೆಗೆ ಫೈಲಿಗೂ ಫೋಲ್ಡರಿಗೂ ಇಂಗ್ಲಿಷಿನ ಎರಡೇ ಅಕ್ಷರದ ಹೆಸರು ಸಾಕು, ನಡುವೆ ಖಾಲಿ ಜಾಗವೂ ಬೇಡ. ಮೆನುವಿನಲ್ಲಿ ಕನ್ನಡ ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ, ಅಥವಾ ಬರೀ ಚೌಕದ ಡಬ್ಬಿಗಳಾಗಿ ಬರುವುದುಂಟು. ಕನ್ನಡ ಬಿಡಬೇಡಿ. ಫೋನಿನಲ್ಲಿ ಅಂದವಾಗಿ ಕನ್ನಡ ಬರೆದು ಅದನ್ನು ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ಮೆನುವಿನ ಹಿನ್ನೆಲೆಯಾಗಿ ಹಾಕಿ. ಹಳೆಯ ಟಿವಿಗೆ ಚಿತ್ರದ ಅಳತೆ 768ಕ್ಕೆ 576, ಅಗಲ ಟಿವಿಗೆ 1024ಕ್ಕೆ 576 ಇಟ್ಟರೆ ಮುಖಗಳು ಕೋಳಿಮೊಟ್ಟೆಯಾಗುವುದಿಲ್ಲ. ದಪ್ಪ ಟಿವಿಗಳು ಅಂಚನ್ನು ನುಂಗುತ್ತವೆ, ಅಕ್ಷರಗಳು ಒಳಗೇ ಇರಲಿ.

ಟೇಪಿನಿಂದ ಇಳಿಸಿದ ಚಿತ್ರದಲ್ಲಿ ನಡೆಯುವವರು ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ನಡುಗಿದಂತೆ ಕಂಡರೆ 'ಫೀಲ್ಡ್ ಆರ್ಡರ್' ತಿರುವುಮುರುವಾಗಿದೆ. ಹಳೆಯ ಟಿವಿ ಚಿತ್ರ ಒಂದೊಂದೂ ಎರಡು ಅರ್ಧಗಳಿಂದ ಆದದ್ದು, ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು. ಯಾವುದು ಮೊದಲು ಎಂದು ಪ್ರೋಗ್ರಾಮಿಗೆ ತಪ್ಪಾಗಿ ಹೇಳಿದರೆ ಕಾಲ ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆಯುತ್ತದೆ. 'ಟಾಪ್' ಇದ್ದದ್ದನ್ನು 'ಬಾಟಮ್' ಮಾಡಿ ಒಂದು ನಿಮಿಷದ ತುಣುಕು ಸುಟ್ಟು ಟಿವಿಯಲ್ಲಿ ನೋಡಿ. ಕಂಪ್ಯೂಟರಿನ ಪರದೆಯಲ್ಲಿ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಇಂಥ ಪರೀಕ್ಷೆಗೆ ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕು ಒಂದು ಮನೆಯಲ್ಲಿರಲಿ.

ಹಾನಗಲ್ಲಿನ ಕಡೆ ಅರೆಮಲೆನಾಡು, ಮಳೆಗಾಲದ ತಂಪಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಿಳಿ ಪುಡಿ ಕಂಡರೆ ವಿಸಿಆರಿಗೆ ಹಾಕಲೇಬೇಡಿ. ಯಂತ್ರದ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥದ್ದನ್ನು ತಿಳಿದವರ ಕೈಯಲ್ಲಿ ಶುಚಿ ಮಾಡಿಸಬೇಕು.

ಕೊನೆಗೆ ಸುಡುವುದು. ಐಎಸ್‌ಒ ಚೆನ್ನಾಗಿ ಓಡಿ ಡಿಸ್ಕು ಮಾತ್ರ ಕೈಕೊಟ್ಟರೆ ವೇಗ ಇಳಿಸಿ, 16 ಪಟ್ಟಿನ ಬದಲು 8 ಅಥವಾ 4. ಇಮ್ಜ್‌ಬರ್ನ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ 'ವೆರಿಫೈ' ಗುರುತು ಹಾಕಿದರೆ ಬರೆದದ್ದನ್ನೆಲ್ಲ ಮತ್ತೊಮ್ಮೆ ಓದಿ ತಾಳೆ ನೋಡುತ್ತದೆ. 'ಫೈನಲೈಸ್' ಮಾಡದ ಡಿಸ್ಕು ಬೇರೆ ಪ್ಲೇಯರುಗಳಲ್ಲಿ ಓಡುವ ಭರವಸೆಯಿಲ್ಲ. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ತಿರುಗುವಾಗ ತೂಕ ಒಂದು ಕಡೆ ಎಳೆಯುತ್ತದೆ. ಮೆತ್ತನೆಯ ಮಾರ್ಕರಿನಲ್ಲಿ ಬರೆಯಿರಿ.

ಮಕ್ಕಳಿಗೊಂದು ಆಟ: ಒಂದು ಹಾಡಿನ ಸಿಡಿ, ಒಂದು ಡಿವಿಡಿ ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ಟಾರ್ಚು ಹಿಡಿದು ಗೋಡೆಯ ಮೇಲೆ ಬೀಳುವ ಬಣ್ಣಗಳನ್ನು ನೋಡಿ. ಡಿವಿಡಿಯ ಬಣ್ಣಗಳು ಹೆಚ್ಚು ಹರಡಿರುತ್ತವೆ. ಸಿಡಿಯ ಸುತ್ತುಗೆರೆಗಳ ನಡುವಿನ ಅಂತರ 1.6 ಮೈಕ್ರಾನ್, ಡಿವಿಡಿಯದು 0.74 ಮೈಕ್ರಾನ್. ಒತ್ತೊತ್ತಾಗಿ ಬರೆದದ್ದರಿಂದಲೇ ಅದರಲ್ಲಿ ಅಷ್ಟು ಹೆಚ್ಚು ಹಿಡಿಸುತ್ತದೆ.

ಡಿಸ್ಕು ಸಿದ್ಧವಾದ ಮೇಲೆ ಟೇಪಿನಿಂದ ಇಳಿಸಿಕೊಂಡ ಮೂಲ ಫೈಲನ್ನು ಅಳಿಸಬೇಡಿ, ಕ್ಯಾಸೆಟ್ಟನ್ನೂ ಎಸೆಯಬೇಡಿ. ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ. ಫೈಲಿನ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ, ಸವಣೂರಿನದು ಹುಬ್ಬಳ್ಳಿಯ ಮಗಳ ಮನೆಯಲ್ಲಿ, ಅವಳದು ಸವಣೂರಿನಲ್ಲಿ. ಅಜ್ಜಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಡಿಸ್ಕು ಹಾಕಿ, ಒಂದು ಹಾಳೆಯಲ್ಲಿ ನಿಮಿಷದ ಅಂಕಿಯನ್ನೂ ಅದರ ಎದುರಿಗೆ ಹೆಸರನ್ನೂ ಬರೆಯುತ್ತ ಹೋಗಿ: ಹನ್ನೆರಡನೇ ನಿಮಿಷ, ಹಸಿರು ಪತ್ತಲ ಉಟ್ಟವರು, ಹಿರೇಕೆರೂರಿನ ಸೋದರತ್ತೆ. ಆ ಹಾಳೆಯನ್ನು ಮಡಚಿ ಡಿಸ್ಕಿನ ಡಬ್ಬಿಯೊಳಗೆ ಇಡಿ.